ಶಿರಾಡಿ ಇಳಿದು ಮೋಖಾ ದಾಟಿ

(ಮೇಷ್ಟ್ರು ಸಕಲೇಶಪುರದ ಕಡೆಯ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಅವಳು ಅವರ ಹಳೆಯ ವಿದ್ಯಾರ್ಥಿನಿ. ಈಗ ಹಾಸನದ ಕಾಫಿ ರಫ್ತು ಕಂಪನಿಯೊಂದರಲ್ಲಿ ಸಾಗಣೆಯ ಕೆಲಸ ನೋಡಿಕೊಳ್ಳುತ್ತಾಳೆ.)

ಅವಳು: ಸಾರ್, 2024ರಲ್ಲಿ ನಮ್ಮ ಬೆಳೆಗಾರರು ಕೇಳಿದ ಒಂದು ಪ್ರಶ್ನೆ ಇನ್ನೂ ನನ್ನ ತಲೆಯಲ್ಲೇ ಇದೆ. ಇಟಲಿಗೆ ಕಳಿಸಿದ ಕಾಫಿ ಯಾಕಮ್ಮ ಆಫ್ರಿಕಾ ಸುತ್ತಿ ಹೋಗುತ್ತೆ, ಗಾಜಾದಲ್ಲಿ ಯುದ್ಧ ಆದರೆ ನಮ್ಮ ಚೀಲ ಯಾಕೆ ಗೋದಾಮಿನಲ್ಲಿ ಕೂರಬೇಕು ಅಂತ. ಟಿವಿ ಚರ್ಚೆ ಎಷ್ಟು ನೋಡಿದರೂ ಯಾರು ಯಾರಿಗೆ ಏನು ಬೆದರಿಕೆ ಹಾಕಿದರು ಅನ್ನೋದು ಬಿಟ್ಟು ಬೇರೇನೂ ತಿಳಿಯೋಲ್ಲ.

ಮೇಷ್ಟ್ರು: ಚರ್ಚೆ ಹಾಗಿರಲಿ. ಕ್ಯೂರಿಂಗ್ ವರ್ಕ್ಸಿಂದ ಹೊರಟ ಚೀಲದ ಹಿಂದೆಯೇ ಹೋಗೋಣ. ಅದು ಮೊದಲು ಎಲ್ಲಿ ಸಿಕ್ಕಿಕೊಳ್ಳುತ್ತೆ?

ಅವಳು: ಇನ್ನೆಲ್ಲಿ, ಶಿರಾಡಿಯಲ್ಲಿ. ಮಳೆಗಾಲದಲ್ಲಿ ಗುಡ್ಡ ಜರಿದರೆ ಘಾಟಿ ಬಂದ್. ಚಾರ್ಮಾಡಿಯಲ್ಲಿ ದೊಡ್ಡ ಗಾಡಿ ಬಿಡೋಲ್ಲ. ಮಡಿಕೇರಿ ಮೇಲೆ ಸಂಪಾಜೆ ಇಳಿಯಬೇಕು. ಡೀಸೆಲ್ಲು, ಡ್ರೈವರ್ ಬಾಟಾ, ದಿನ, ಎಲ್ಲ ಹೆಚ್ಚು.

ಮೇಷ್ಟ್ರು: ಸಮುದ್ರದಲ್ಲೂ ಘಾಟಿಗಳಿವೆ ಮಾರಾಯ್ತಿ. ನೀರು ಅಂದರೆ ಬಯಲು, ಹಡಗು ತನಗೆ ಬೇಕಾದ ಕಡೆ ಹೋಗಬಹುದು ಅಂತ ದಡದಲ್ಲಿ ನಿಂತವರಿಗೆ ಅನ್ನಿಸುತ್ತೆ. ಆದರೆ ಇಲ್ಲಿಂದ ಯುರೋಪಿಗೆ ಹೋಗೋ ಹಡಗು ಅರಬ್ಬಿ ಸಮುದ್ರ ದಾಟಿದ ಮೇಲೆ ಬಾಬ್ ಎಲ್ ಮಂದೆಬ್ ಜಲಸಂಧಿಯಲ್ಲಿ ನುಗ್ಗಬೇಕು. ಒಂದು ದಡದಲ್ಲಿ ಯೆಮನ್, ಇನ್ನೊಂದು ದಡದಲ್ಲಿ ಜಿಬೂಟಿ ಮತ್ತು ಎರಿಟ್ರಿಯಾ. ಅಗಲ ಸುಮಾರು 30 ಕಿ.ಮೀ., ಅದರೊಳಗೆ ಪೆರಿಮ್ ಅನ್ನೋ ದ್ವೀಪ ಬೇರೆ. ಆಮೇಲೆ ಉದ್ದಕ್ಕೆ ಕೆಂಪು ಸಮುದ್ರ, 193 ಕಿ.ಮೀ. ಸೂಯೆಜ್ ಕಾಲುವೆ, ಅಲ್ಲಿಂದ ಮೆಡಿಟರೇನಿಯನ್. ಈ ದಾರಿ ಕೆಟ್ಟರೆ ಇರೋದು ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರ. ಏನಿಲ್ಲ ಅಂದರೂ 7,000 ಕಿ.ಮೀ. ಹೆಚ್ಚು.

ಅವಳು: 2023ರ ನವೆಂಬರ್ 19ಕ್ಕೆ ಯೆಮನ್ನಿನ ಹೂತಿ ಬಂಡುಕೋರರು ಗಾಜಾದ ಪರ ಅಂತ ಹೇಳಿಕೊಂಡು ಹೆಲಿಕಾಪ್ಟರ್‌ನಲ್ಲಿ ಇಳಿದು ಗ್ಯಾಲಕ್ಸಿ ಲೀಡರ್ ಹಡಗು ಹಿಡಿದರಲ್ಲ, ಅದರ ವಿಡಿಯೊ ನಮ್ಮ ಆಫೀಸಿನಲ್ಲಿ ಎಲ್ಲರ ಫೋನಿನಲ್ಲೂ ಇತ್ತು. ಡಿಸೆಂಬರ್ ಮಧ್ಯದ ಹೊತ್ತಿಗೆ ದೊಡ್ಡ ಶಿಪ್ಪಿಂಗ್ ಕಂಪನಿಗಳು ಒಂದಾದ ಮೇಲೊಂದು ಆ ದಾರಿ ಬಿಟ್ಟವು. ನಮ್ಮ ಒಪ್ಪಂದಗಳು ಹೆಚ್ಚಿನವು ಎಫ್‌ಒಬಿ ಸಾರ್. ಮಂಗಳೂರಲ್ಲಿ ಹಡಗಿಗೆ ಏರಿಸಿದ ಮೇಲೆ ಬಾಡಿಗೆ ಕೊಂಡವನದು. ಕಾಗದದ ಮೇಲೆ ನಮಗೆ ನಷ್ಟವೇ ಇಲ್ಲ. ಆದರೆ ಹಡಗು ಎರಡು ವಾರ ತಡವಾಗಿ ಹೋದರೆ ಎರಡು ವಾರ ತಡವಾಗಿಯೇ ವಾಪಸ್ಸು ಬರುತ್ತೆ. ಖಾಲಿ ಕಂಟೇನರ್ ಸಿಗೋಲ್ಲ. ಇಲ್ಲಿಂದ ಸಣ್ಣ ಹಡಗಿನಲ್ಲಿ ಕೊಲಂಬೊಗೆ ಹೋದ ಸರಕು ಅಲ್ಲಿ ದೊಡ್ಡ ಹಡಗಿಗೆ ಕಾಯುತ್ತಾ ಕೂರುತ್ತೆ. ಬಾಡಿಗೆ ಏರಿತು ಅಂತ ಕೊಳ್ಳುವವನು ಮುಂದಿನ ತಿಂಗಳು ಕಳಿಸಿ ಅಂತಾನೆ. ಅಷ್ಟು ದಿನ ಗೋದಾಮಿನಲ್ಲಿ ನಿಂತ ಸರಕಿನ ಮೇಲಿನ ಬಡ್ಡಿ ನಮ್ಮದೇ.

ಮೇಷ್ಟ್ರು: ಈಗ ಬ್ರೆಜಿಲ್ ನೋಡು. ಅಲ್ಲಿನ ಸಾಂಟೋಸ್ ಬಂದರಿನಿಂದ ಯುರೋಪಿಗೆ ಹೋಗೋ ಕಾಫಿ ಯಾವ ಜಲಸಂಧಿಗೆ ಸಿಗುತ್ತೆ?

ಅವಳು: ಅದು ಅಟ್ಲಾಂಟಿಕ್ ದಾಟಿದರೆ ಆಯಿತು. ನಿಜ ಸಾರ್. ವಿಯೆಟ್ನಾಂ, ಇಂಡೊನೇಷ್ಯಾ, ಮೊಂಬಾಸಾದಿಂದ ಬರೋ ಉಗಾಂಡಾ, ನಾವು, ಎಲ್ಲರೂ ಕೆಂಪು ಸಮುದ್ರದ ಕಡೆಯವರು. ರೊಬಸ್ಟಾ ಬೆಳೆಯೋ ದೊಡ್ಡ ದೇಶಗಳಲ್ಲಿ ಬ್ರೆಜಿಲ್ ಒಂದೇ ಆ ಕಡೆ ಇರೋದು. 2024ರಲ್ಲಿ ಅವರ ಕೊನಿಲಾನ್, ಅಂದರೆ ಅಲ್ಲಿನ ರೊಬಸ್ಟಾ, ರಫ್ತು ಒಂದೇ ಸಮ ಏರಿತು. ವಿಯೆಟ್ನಾಂನಲ್ಲಿ ಬರ ಬಂದು ಬೆಳೆ ಕಡಿಮೆ ಆಗಿದ್ದೂ ಕಾರಣ, ಆದರೆ ದಾರಿಯೂ ಅವರ ಕಡೆಗಿತ್ತು.

ಮೇಷ್ಟ್ರು: ನಿಮ್ಮ ಬೆಳೆಗಾರರಿಗೆ ಹೇಳಬೇಕಾದ ಉತ್ತರದಲ್ಲಿ ಅರ್ಧ ಇಲ್ಲೇ ಸಿಕ್ಕಿತು ನೋಡು. ಆ ವರ್ಷ ರೊಬಸ್ಟಾಗೆ ಹಿಂದೆಂದೂ ಕಾಣದ ಬೆಲೆ ಬಂತು, ಸಾಗಣೆಯ ಕಷ್ಟವೂ ಬಂತು. ಬೆಲೆ ಏರಿದ್ದು ಬರದಿಂದ, ಸಾಗಣೆ ನಿಂತಿದ್ದು ಜಲಸಂಧಿಯಿಂದ. ಬೇರೆ ಬೇರೆ ಜಾಗದ ಎರಡು ಸಂಗತಿಗಳು ಒಂದೇ ಚೀಲದ ಮೇಲೆ ಬಂದು ಬಿದ್ದವು. ಪೇಪರಿನಲ್ಲಿ ಅವೆರಡೂ ಬೇರೆ ಬೇರೆ ಪುಟದಲ್ಲಿ ಇದ್ದವು, ಅಷ್ಟೇ.

ಅವಳು: ಅದು ಸರಿ. ಆದರೆ ಅಮೆರಿಕ, ಬ್ರಿಟನ್‌ಗಳಂಥ ದೇಶಗಳು 2024ರ ಜನವರಿಯಿಂದ ಬಾಂಬು ಹಾಕಿದರೂ ಹೂತಿಗಳು ಯಾಕೆ ನಿಲ್ಲಲಿಲ್ಲ? ಅಷ್ಟು ದೊಡ್ಡ ನೌಕಾಪಡೆಗೆ 30 ಕಿ.ಮೀ. ಜಲಸಂಧಿ ಕಾಯೋಕೆ ಆಗಲಿಲ್ಲವಾ?

ಮೇಷ್ಟ್ರು: ಇಲ್ಲಿ ಟಿವಿಯ ನಕ್ಷೆ ದಾರಿ ತಪ್ಪಿಸುತ್ತೆ. ಜಲಸಂಧಿಯ ಮೇಲೆ ಒಂದು ಕೆಂಪು ಬಾಣ ಹಾಕಿ ಹೂತಿ ಅಂತ ಬರೆದುಬಿಡ್ತಾರೆ. ನಿಜವಾಗಿ ಜಲಸಂಧಿಯ ಯೆಮನ್ ದಡ ಹೂತಿಗಳ ಕೈಯಲ್ಲಿ ಇರಲಿಲ್ಲ. ಪೆರಿಮ್ ದ್ವೀಪವನ್ನ ಅವರು 2015ರಲ್ಲೇ ಕಳೆದುಕೊಂಡರು, ಮೋಖಾ ಬಂದರು 2017ರಲ್ಲಿ ಹೋಯಿತು. ಅವರ ಕೈಯಲ್ಲಿ ಇದ್ದದ್ದು ಇನ್ನೂರು ಕಿ.ಮೀ.ಗೂ ಹೆಚ್ಚು ಉತ್ತರದ ಹೊದೈದಾ ಬಂದರು, ಅದರ ಹಿಂದಿನ ಬೆಟ್ಟ. ಕೆಂಪು ಸಮುದ್ರ ಅತಿ ಅಗಲ ಇರೋ ಕಡೆಯೇ 355 ಕಿ.ಮೀ., ದಕ್ಷಿಣಕ್ಕೆ ಬಂದ ಹಾಗೆ ಕಿರಿದಾಗುತ್ತೆ. ಕ್ಷಿಪಣಿ, ಡ್ರೋನ್ ಇಟ್ಟುಕೊಂಡವನಿಗೆ ಜಲಸಂಧಿಯ ಬಾಯಿಗೇ ಬಂದು ನಿಲ್ಲಬೇಕಾದ್ದಿಲ್ಲ. ಹಡಗು ಒಳಗೆ ಬಂದ ಮೇಲೆ ಅದಕ್ಕೆ ಪಕ್ಕಕ್ಕೆ ಸರಿಯೋಕೆ ಜಾಗವೇ ಇಲ್ಲ.

ಅವಳು: ಮೋಖಾ ಅಂದರೆ ನಮ್ಮ ಬಾಬಾ ಬುಡನ್ ಕಾಫಿ ಬೀಜ ತಂದ ಮೋಖಾನೇ?

ಮೇಷ್ಟ್ರು: ಅದೇ. ಹದಿನೇಳನೇ ಶತಮಾನದಲ್ಲಿ ಅಲ್ಲಿಂದ ಏಳು ಬೀಜ ತಂದು ಚಂದ್ರದ್ರೋಣದ ಇಳಿಜಾರಿನಲ್ಲಿ ನೆಟ್ಟರು ಅನ್ನೋದು ನಮ್ಮ ಐತಿಹ್ಯ. ಈಗ ಬಾಬಾ ಬುಡನ್‌ಗಿರಿಯ ಕಾಫಿ ಸೂಯೆಜ್ ದಾರಿಯಲ್ಲಿ ಯುರೋಪಿಗೆ ಹೋದರೆ ಮೋಖಾದ ಎದುರೇ ಹಾದು ಹೋಗುತ್ತೆ. ನನಗೆ ಇದರಲ್ಲಿ ಐತಿಹ್ಯಕ್ಕಿಂತ ಬೆಟ್ಟದ ವಿಷಯ ಮುಖ್ಯ. ಮೋಖಾ ಬಂದರಿನಲ್ಲಿ ಕಾಫಿ ಬೆಳೆಯುತ್ತಾ ಇರಲಿಲ್ಲ. ಅದು ತಿಹಾಮಾ ಅನ್ನೋ ಸುಡು ಬಿಸಿಲಿನ ಕರಾವಳಿ, ಮಳೆ ಇಲ್ಲವೇ ಇಲ್ಲ ಅನ್ನಬೇಕು. ಅದರ ಹಿಂದೆ ಗೋಡೆಯ ಹಾಗೆ ಎದ್ದ ಬೆಟ್ಟಗಳು ಮುಂಗಾರಿನ ಮೋಡ ಹಿಡಿದು ನಿಲ್ಲಿಸುತ್ತವೆ. ಅಲ್ಲಿ ಪಾತಿ ಕಟ್ಟಿ, ಕಲ್ಲಿನ ಅಟ್ಟಣೆಗಳಲ್ಲಿ ಕಾಫಿ ಬೆಳೆದರು. ಬೈತ್ ಅಲ್ ಫಕೀಹ್ ಪೇಟೆಯಲ್ಲಿ ಮಾರಿ, ಬಂದರಿಗೆ ಇಳಿಸಿದರು. ಜಬಲ್ ನಬೀ ಶುಐಬ್ ಅನ್ನೋ ಶಿಖರದ ಎತ್ತರ 3,666 ಮೀಟರ್. ಇಡೀ ಅರೇಬಿಯಾ ಪರ್ಯಾಯ ದ್ವೀಪದಲ್ಲೇ ಅದಕ್ಕಿಂತ ಎತ್ತರದ ಜಾಗ ಇಲ್ಲ. ರಾಜಧಾನಿ ಸನಾ ಇರೋದೂ 2,200 ಮೀಟರಿನ ಮೇಲೆ.

ಅವಳು: ಅಂದರೆ ಮಳೆ ಇದ್ದಲ್ಲಿ ಬೆಳೆ, ಬೆಳೆ ಇದ್ದಲ್ಲಿ ಜನ.

ಮೇಷ್ಟ್ರು: ಜನ ಇದ್ದಲ್ಲಿ ತೆರಿಗೆ, ಸೈನ್ಯಕ್ಕೆ ಆಳು. ಯೆಮನ್ ಅಂದರೆ ಮರಳುಗಾಡು ಅಂದುಕೊಂಡವರಿಗೆ ಇದು ಹೊಳೆಯೋದೇ ಇಲ್ಲ. ದೇಶದ ಬಹುಪಾಲು ಜನ ಆ ಎತ್ತರದ ನಾಡಿನ ಕಡೆಯೇ ಇದ್ದಾರೆ. ಕಾಫಿಗೆ ನೀರು ಕೊಟ್ಟ ಅದೇ ಬೆಟ್ಟ ಕ್ಷಿಪಣಿ ಬಚ್ಚಿಡೋಕೂ ಒದಗಿತು. ಒಟ್ಟೊಮನ್ನರು ಅಲ್ಲಿ ಸೋತು ಬಸವಳಿದರು. 1962ರಿಂದ 1967ರವರೆಗೆ ಈಜಿಪ್ಟಿನ ನಾಸೆರ್ ಹತ್ತಾರು ಸಾವಿರ ಸೈನಿಕರನ್ನ ಕಳಿಸಿ ಕೊನೆಗೆ ವಾಪಸ್ಸು ಕರೆಸಿಕೊಂಡರು. 2015ರ ಮಾರ್ಚಿನಿಂದ ಸೌದಿ ನೇತೃತ್ವದ ಪಡೆಗಳು ವರ್ಷಗಟ್ಟಲೆ ಬಾಂಬು ಸುರಿಸಿದವು, ಸನಾ ಕೈಗೆ ಬರಲಿಲ್ಲ. ಇಷ್ಟು ಗೊತ್ತಿದ್ದವರು 2024ರ ಬಾಂಬಿನಿಂದ ತಿಂಗಳೊಳಗೆ ದಾರಿ ಬಿಡುತ್ತೆ ಅಂತ ನಂಬುತ್ತಾ ಇರಲಿಲ್ಲ.

ಅವಳು: ಒಂದು ಮಾತು ಕೇಳಲಾ ಸಾರ್, ಬೇಜಾರು ಮಾಡ್ಕೋಬೇಡಿ. ನೀವು ಹೇಳೋದು ಕೇಳ್ತಾ ಹೋದರೆ ಎಲ್ಲಾ ಬೆಟ್ಟದ್ದೇ ಕೆಲಸ ಅನ್ನಿಸುತ್ತೆ. ಬೆಟ್ಟ ಇತ್ತು, ಜಲಸಂಧಿ ಇತ್ತು, ಹಾಗಾಗಿ ಹಡಗಿಗೆ ಹೊಡೆದರು. ಜಾತಕ ನೋಡಿ ಹಣೆಬರಹ ಹೇಳಿದ ಹಾಗಾಯಿತಲ್ಲ.

ಮೇಷ್ಟ್ರು: ಬೇಜಾರು ಯಾಕೆ, ಕೇಳಲೇಬೇಕಾದ ಪ್ರಶ್ನೆ. ಭೂಗೋಳ ಓದಿದವರೇ ಈ ಹಳ್ಳಕ್ಕೆ ಹೆಚ್ಚು ಬಿದ್ದಿರೋದು. 1904ರಲ್ಲಿ ಮ್ಯಾಕಿಂಡರ್ ಅನ್ನೋ ಇಂಗ್ಲಿಷ್ ವಿದ್ವಾಂಸರು ಯುರೇಷಿಯಾದ ಒಳನಾಡೇ ಜಗತ್ತಿನ ರಾಜಕೀಯದ ತಿರುಗುಗೂಟ ಅಂತ ಲೇಖನ ಓದಿದರು. ಅಂಥ ಮಾತುಗಳನ್ನ ಆಮೇಲೆ ಜರ್ಮನಿಯಲ್ಲಿ ಕೆಲವರು ಇನ್ನೊಬ್ಬರ ನೆಲ ಕಬಳಿಸೋಕೆ ನೆಪ ಮಾಡಿಕೊಂಡರು. ಈಗಲೂ ಭೂಗೋಳವೇ ವಿಧಿ ಅನ್ನೋ ಪುಸ್ತಕಗಳು ಚೆನ್ನಾಗಿ ಮಾರಾಟ ಆಗುತ್ತವೆ. ನಾನು ಅದನ್ನ ಒಪ್ಪೋದಿಲ್ಲ. ಆ ಬೆಟ್ಟ, ಆ ಜಲಸಂಧಿ 2010ರಲ್ಲೂ ಅಲ್ಲೇ ಇದ್ದವು. ಆಗ ಯೆಮನ್ ಬೆಟ್ಟದಿಂದ ಯಾರೂ ಕಂಟೇನರ್ ಹಡಗಿಗೆ ಕ್ಷಿಪಣಿ ಬಿಡಲಿಲ್ಲ.

ಅವಳು: ಹಾಗಾದರೆ ಏನು ಬದಲಾಯಿತು?

ಮೇಷ್ಟ್ರು: ಮನುಷ್ಯರು. 2014ರ ಸೆಪ್ಟೆಂಬರಿನಲ್ಲಿ ಹೂತಿಗಳು ಸನಾ ಹಿಡಿದರು. ಇರಾನಿನಿಂದ ಆಯುಧ ಬಂತು. ಅಗ್ಗದ ಡ್ರೋನ್ ಬಂತು. 2018ರಲ್ಲಿ ಎದುರಾಳಿಗಳು ಹೊದೈದಾ ಬಾಗಿಲಿಗೆ ಬಂದಿದ್ದರು. ಆ ಬಂದರಿನಿಂದಲೇ ಯೆಮನ್‌ಗೆ ಬಹಳಷ್ಟು ಗೋಧಿ, ಔಷಧಿ ಬರುತ್ತಿತ್ತು, ಅಲ್ಲಿ ಕಾಳಗ ಆದರೆ ದೇಶ ಹಸಿವಿನಿಂದ ಸಾಯುತ್ತೆ ಅಂತ ವಿಶ್ವಸಂಸ್ಥೆ ಮಧ್ಯೆ ಬಂದು ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಮಾಡಿಸಿತು. ಬಂದರು ಹೂತಿಗಳ ಕೈಯಲ್ಲೇ ಉಳಿಯಿತು. ಆ ನಿರ್ಧಾರ ತಪ್ಪು ಅಂತ ನಾನು ಹೇಳಲಾರೆ, ಎಷ್ಟು ಮಕ್ಕಳ ಜೀವ ಅದರಿಂದ ಉಳಿದಿರಬಹುದು. ಆದರೆ ಐದು ವರ್ಷದ ಮೇಲೆ ಹಡಗಿನ ಮೇಲೆ ಹಾರಿದ ಕ್ಷಿಪಣಿಗೂ ಆ ಸಹಿಗೂ ಸಂಬಂಧ ಇದೆ. ಅದನ್ನ ಬೆಟ್ಟದ ಲೆಕ್ಕಕ್ಕೆ ಬರೆಯೋಕೆ ಆಗೋಲ್ಲ.

ಅವಳು: ಎದುರು ದಡವೂ ಇದೆಯಲ್ಲ. ಜಿಬೂಟಿ.

ಮೇಷ್ಟ್ರು: ಅದೇ ನನ್ನ ದೊಡ್ಡ ಸಾಕ್ಷಿ. ಒಂದೇ ಜಲಸಂಧಿ, ಒಂದೇ ಬಿಸಿಲು. ಈ ದಡದವರು ಕ್ಷಿಪಣಿ ಇಟ್ಟರು, ಆ ದಡದವರು ನೆಲ ಬಾಡಿಗೆಗೆ ಕೊಟ್ಟರು. ಅಮೆರಿಕ, ಫ್ರಾನ್ಸ್, ಜಪಾನ್, ಇಟಲಿ, 2017ರಿಂದ ಚೀನಾ, ಎಲ್ಲರ ಸೈನಿಕ ನೆಲೆಯೂ ಆ ಪುಟ್ಟ ದೇಶದಲ್ಲಿದೆ. ಜಿಬೂಟಿಯವರು ಬಡತನ ಗೆದ್ದುಬಿಟ್ಟರು ಅಂತ ಅಲ್ಲ. ಒಂದೇ ಜಾಗ ಇಬ್ಬರಿಗೆ ಎರಡು ದಾರಿ ತೋರಿಸಿತು ಅನ್ನೋದು ಮುಖ್ಯ. ಯಾರು ಏನು ಮಾಡ್ತಾರೆ ಅನ್ನೋದನ್ನ ನಕ್ಷೆ ಹೇಳೋಲ್ಲ. ಮಾಡಿದರೆ ಎಷ್ಟು ಖರ್ಚು, ಅದನ್ನ ಯಾರು ತೆರಬೇಕು ಅನ್ನೋದನ್ನ ಹೇಳುತ್ತೆ. ನಾನು ಸುದ್ದಿ ಓದೋವಾಗ ನಕ್ಷೆ ತೆಗೆಯೋದು ಆ ಲೆಕ್ಕಕ್ಕೆ.

ಅವಳು: ಖರ್ಚಿನ ಲೆಕ್ಕ ನನಗೆ ಅರ್ಥ ಆಗುತ್ತೆ. ಯುದ್ಧದ ಅಪಾಯಕ್ಕೆ ಕಟ್ಟೋ ವಿಮೆ, ಮುಂಚೆ ಹಡಗಿನ ಬೆಲೆಯ ಶೇ 0.1ಕ್ಕಿಂತ ಕಡಿಮೆ ಇದ್ದದ್ದು, ಒಂದು ಹಂತದಲ್ಲಿ ಶೇ 1ರ ಹತ್ತಿರ ಹೋಯಿತು. ನೂರಾರು ಕೋಟಿ ರೂಪಾಯಿಯ ಹಡಗು ಅದು. ಆ ದುಡ್ಡಲ್ಲಿ ಆಫ್ರಿಕಾ ಸುತ್ತೋ ಎಣ್ಣೆ ಬಂದುಬಿಡುತ್ತೆ. ಹಡಗಿನ ಕಂಪನಿ ಹೆದರಿ ಓಡಿಹೋಯಿತು ಅಂತ ಟಿವಿಯಲ್ಲಿ ಹೇಳ್ತಾ ಇದ್ದರು. ಹೆದರಿಕೆಯೂ ಇತ್ತು, ಲೆಕ್ಕವೂ ಇತ್ತು.

ಮೇಷ್ಟ್ರು: ಈಗ ಯಾರು ತೆತ್ತರು ಅಂತ ಹೇಳು. ಹೆಚ್ಚು ಕಳೆದುಕೊಂಡವರು ಯಾರು?

ಅವಳು: ಇಸ್ರೇಲ್?

ಮೇಷ್ಟ್ರು: ಇಸ್ರೇಲಿನ ಏಲಾತ್ ಬಂದರು ಸೊರಗಿತು, ನಿಜ. ಆದರೆ ಆ ದೇಶದ ಮುಖ್ಯ ಬಂದರುಗಳು ಹೈಫಾ, ಅಶ್ದೋದ್. ಎರಡೂ ಮೆಡಿಟರೇನಿಯನ್ ಕಡೆ ಇವೆ. ದೊಡ್ಡ ಏಟು ಬಿದ್ದಿದ್ದು ಈಜಿಪ್ಟಿಗೆ. ಸೂಯೆಜ್ ಕಾಲುವೆಯ ವರಮಾನ 2023ರಲ್ಲಿ 1,000 ಕೋಟಿ ಡಾಲರ್ ದಾಟಿತ್ತು, 2024ರಲ್ಲಿ ಸುಮಾರು 400 ಕೋಟಿಗೆ ಇಳಿಯಿತು. ಹೂತಿಗಳು ತಾವು ಅರಬ್ ಜನರ ಪರ ಅಂತ ಹೇಳಿಕೊಂಡರು, ಜೇಬು ಖಾಲಿ ಆಗಿದ್ದು ಅತಿ ಹೆಚ್ಚು ಜನಸಂಖ್ಯೆಯ ಅರಬ್ ದೇಶದ್ದು. ಹಾಗಿದ್ದೂ ಈಜಿಪ್ಟ್ ಅಮೆರಿಕದ ಬಾಂಬ್ ದಾಳಿಗೆ ಕೈ ಜೋಡಿಸಲಿಲ್ಲ. ಗಾಜಾ ಅದರ ಗಡಿಗೆ ಹೊಂದಿಕೊಂಡೇ ಇದೆ. ಅಲ್ಲಿ ಮಕ್ಕಳು ಸಾಯುತ್ತಿರುವಾಗ ಕಾಲುವೆಯ ಸುಂಕಕ್ಕಾಗಿ ಅರಬ್ಬರ ಮೇಲೆ ಬಾಂಬು ಹಾಕಿದ ಸರ್ಕಾರ ತನ್ನ ಜನರಿಗೆ ಮುಖ ತೋರಿಸೋದು ಹೇಗೆ? ಕಾಲುವೆ ಒಂದು ಕಡೆ ಎಳೆಯುತ್ತೆ, ಗಡಿ ಇನ್ನೊಂದು ಕಡೆ.

ಅವಳು: ನಾವಿಬ್ಬರೂ ಕೋಟಿ, ಡಾಲರ್ ಅಂತಲೇ ಮಾತಾಡ್ತಾ ಇದೀವಿ ಸಾರ್. 2024ರ ಮಾರ್ಚ್ 6ಕ್ಕೆ ಟ್ರೂ ಕಾನ್ಫಿಡೆನ್ಸ್ ಅನ್ನೋ ಹಡಗಿಗೆ ಕ್ಷಿಪಣಿ ಬಡಿದು ಮೂವರು ನಾವಿಕರು ಸತ್ತರು. ಉಳಿದವರನ್ನ ನಮ್ಮ ಐಎನ್ಎಸ್ ಕೋಲ್ಕತಾ ನೀರಿನಿಂದ ಎತ್ತಿ ಜಿಬೂಟಿಗೆ ಸೇರಿಸಿತು. ಸತ್ತವರು ಫಿಲಿಪೀನ್ಸ್ ಮತ್ತು ವಿಯೆಟ್ನಾಂನವರು. ಗಾಜಾಕ್ಕೂ ಅವರಿಗೂ ಏನು ಸಂಬಂಧ? ನಕ್ಷೆಯಲ್ಲಿ ಹಡಗಿನ ದಾರಿಗೆ ಒಂದು ಗೆರೆ ಎಳೀತಾರೆ, ಅದರಲ್ಲಿ ಇವರು ಎಲ್ಲಿ ಕಾಣ್ತಾರೆ?

ಮೇಷ್ಟ್ರು: ಕಾಣೋದಿಲ್ಲ. ನೀನು ಹೇಳಿದ್ದು ಸರಿ. ಆ ಗೆರೆಯ ಮೇಲೆ ದುಡಿಯೋರು ಯಾವ ಊರಿನವರು ಅಂತ ಇನ್ನೊಂದು ನಕ್ಷೆ ಬರೀಬೇಕು. ಮನಿಲಾ, ಕೇರಳ, ನಮ್ಮ ಕರಾವಳಿ, ಮುಂಬೈ, ಇವೆಲ್ಲ ಅದರಲ್ಲಿ ಬರುತ್ತವೆ. ಯಾವ ಸುದ್ದಿಗೂ ಒಂದೇ ನಕ್ಷೆ ಸಾಲೋದಿಲ್ಲ. ಗ್ರೀನ್‌ಲ್ಯಾಂಡ್ ಸುದ್ದಿ ಬಂದಾಗ ಮಕ್ಕಳು ಗೋಡೆ ನಕ್ಷೆ ನೋಡಿ ಅದು ಆಫ್ರಿಕಾದಷ್ಟು ದೊಡ್ಡದು ಅಂದುಕೊಳ್ತಾರೆ. ಮರ್ಕೇಟರ್ ನಕ್ಷೆಯಲ್ಲಿ ಧ್ರುವದ ಕಡೆ ಹೋದ ಹಾಗೆ ಎಲ್ಲವೂ ಹಿಗ್ಗುತ್ತೆ. ನಿಜಕ್ಕೂ ಆಫ್ರಿಕಾ ಅದಕ್ಕಿಂತ 14 ಪಟ್ಟು ದೊಡ್ಡದು, ಭಾರತವೇ ಗ್ರೀನ್‌ಲ್ಯಾಂಡಿಗಿಂತ ದೊಡ್ಡದು. ಅದು ಅಮೆರಿಕದ ಸೈನ್ಯಕ್ಕೆ ಯಾಕೆ ಬೇಕು ಅಂತ ತಿಳಿಯಬೇಕಾದರೆ ಗ್ಲೋಬನ್ನ ಮೇಲಿನಿಂದ, ಉತ್ತರ ಧ್ರುವದ ಕಡೆಯಿಂದ ನೋಡಬೇಕು. ರಷ್ಯಾದಿಂದ ಅಮೆರಿಕಕ್ಕೆ ಕ್ಷಿಪಣಿ ಹಾರೋ ಹತ್ತಿರದ ದಾರಿ ಧ್ರುವದ ಮೇಲೇ ಹೋಗುತ್ತೆ. ಅದಕ್ಕೇ 1951ರ ಒಪ್ಪಂದದಿಂದ ಅಲ್ಲಿ ಅಮೆರಿಕದ ನೆಲೆ ಇದೆ. ಗೋಡೆ ನಕ್ಷೆಯಲ್ಲಿ ಈ ದಾರಿ ಎಲ್ಲಿ ಕಾಣುತ್ತೆ, ಅಲ್ಲಿ ಉತ್ತರ ಧ್ರುವವೇ ಇರೋಲ್ಲ.

ಅವಳು: ಹಾಗೆ ನೋಡಿದರೆ ಪನಾಮಾ ಕಾಲುವೆಗೆ ಮಳೆ ನಕ್ಷೆ ಬೇಕು.

ಮೇಷ್ಟ್ರು: ಅದನ್ನ ನೀನೇ ಹೇಳು, ನಿನ್ನ ಕೆಲಸದ ವಿಷಯ.

ಅವಳು: ಸೂಯೆಜ್ ಸಮುದ್ರದ ಮಟ್ಟದಲ್ಲೇ ಇದೆ, ಉಪ್ಪು ನೀರು. ಪನಾಮಾ ಹಾಗಲ್ಲ. ಹಡಗನ್ನ ಲಾಕ್‌ಗಳಲ್ಲಿ 26 ಮೀಟರ್ ಮೇಲೆತ್ತಿ ಗಟುನ್ ಕೆರೆಗೆ ಬಿಡಬೇಕು, ಆ ಕಡೆ ಇಳಿಸಬೇಕು. ಒಂದು ಹಡಗಿಗೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರಕ್ಕೆ ಹೋಗುತ್ತೆ. 2023ರಲ್ಲಿ ಎಲ್ ನಿನೊ ಬಂದು ಮಳೆ ಕೈಕೊಟ್ಟಾಗ, ದಿನಕ್ಕೆ 36 ಹಡಗು ಬಿಡೋ ಕಡೆ ಡಿಸೆಂಬರಿನಲ್ಲಿ 22 ಬಿಟ್ಟರು. ಅದೇ ಡಿಸೆಂಬರ್, ಕೆಂಪು ಸಮುದ್ರ ಖಾಲಿ ಆಗಿದ್ದೂ ಅದೇ ತಿಂಗಳು. ಒಂದು ಕಡೆ ಯುದ್ಧ, ಇನ್ನೊಂದು ಕಡೆ ಬರ. ಹಡಗಿನ ಬಾಡಿಗೆ ಏರದೇ ಇರುತ್ತಾ?

ಮೇಷ್ಟ್ರು: ಬದಲಿ ದಾರಿಯಾದ ಗುಡ್ ಹೋಪ್ ಭೂಶಿರವೂ ಸುಲಭದ್ದಲ್ಲ. ನಮಗೆ ಮಳೆಗಾಲ ಅಂದರೆ ಅಲ್ಲಿ ಚಳಿಗಾಲದ ಬಿರುಗಾಳಿ. 2024ರ ಜುಲೈಯಲ್ಲಿ ಅಲ್ಲಿ ಒಂದು ದೊಡ್ಡ ಹಡಗಿನಿಂದ 44 ಕಂಟೇನರ್ ನೀರಿಗೆ ಬಿದ್ದವು. ಅದೇ ಜುಲೈ ನಿಮಗೆ ಶಿರಾಡಿಯಲ್ಲೂ ಗುಡ್ಡ ಜರಿಯಿತು.

ಅವಳು: ಮರೆಯೋಕೆ ಆಗುತ್ತಾ ಸಾರ್. ಈಗ ಇನ್ನೊಂದು ಸುದ್ದಿ ನಾನೇ ಓದಿ ನೋಡ್ತೀನಿ, ತಪ್ಪಿದ್ದರೆ ತಿದ್ದಿ. ಇಥಿಯೋಪಿಯಾ. ನಮ್ಮ ಕಾಫಿಗೆ ಎದುರಾಳಿ ಅಂತ ಅದರ ಮೇಲೆ ನಮಗೆ ಯಾವಾಗಲೂ ಕಣ್ಣು. 12 ಕೋಟಿಗೂ ಮೀರಿದ ಜನ, ಸಮುದ್ರ ಇಲ್ಲ. 1993ರಲ್ಲಿ ಎರಿಟ್ರಿಯಾ ಬೇರೆ ದೇಶವಾದಾಗ ಕರಾವಳಿ ಪೂರ್ತಿ ಆ ಕಡೆ ಹೋಯಿತು. 1998ರಲ್ಲಿ ಇಬ್ಬರಿಗೂ ಯುದ್ಧವಾದ ಮೇಲೆ ಅಸ್ಸಾಬ್ ಬಂದರೂ ಮುಚ್ಚಿತು. ಈಗ ವ್ಯಾಪಾರದಲ್ಲಿ ಶೇ 90ಕ್ಕೂ ಹೆಚ್ಚು ಜಿಬೂಟಿ ಮೂಲಕ. 2023ರ ಅಕ್ಟೋಬರಿನಲ್ಲಿ ಪ್ರಧಾನಿ ಅಬಿ ಅಹ್ಮದ್ ಕೆಂಪು ಸಮುದ್ರ ತಮಗೆ ಜೀವನ್ಮರಣದ ಪ್ರಶ್ನೆ ಅನ್ನೋ ಧಾಟಿಯಲ್ಲಿ ಮಾತಾಡಿದರು. 2024ರ ಜನವರಿ 1ಕ್ಕೆ ಸೊಮಾಲಿಲ್ಯಾಂಡ್ ಜೊತೆ ಬಂದರಿನ ಒಪ್ಪಂದಕ್ಕೆ ಸಹಿ ಹಾಕಿದರು, ಸೊಮಾಲಿಯಾ ಸಿಟ್ಟಾಯಿತು. ಅಸ್ಸಾಬ್ ಇಥಿಯೋಪಿಯಾ ಗಡಿಯಿಂದ ನೂರು ಕಿ.ಮೀ. ಕೂಡ ಇಲ್ಲ.

ಮೇಷ್ಟ್ರು: ಅಷ್ಟು ಹತ್ತಿರ ಇದೆ, ಅಷ್ಟು ಜನ ಇದ್ದಾರೆ. ಹಾಗಾದರೆ ಅಸ್ಸಾಬ್ ಅವರಿಗೆ ಸೇರಬೇಕು ಅಂತೀಯಾ?

ಅವಳು: ಇಲ್ಲ. ಬಂದರಿಲ್ಲದ್ದಕ್ಕೆ ಇಥಿಯೋಪಿಯಾ ಜಿಬೂಟಿಗೆ ಎಷ್ಟು ತೆರುತ್ತೆ ಅನ್ನೋದನ್ನ ನಕ್ಷೆ ತೋರಿಸುತ್ತೆ. ಅದಕ್ಕಾಗಿ ಎರಿಟ್ರಿಯಾ ತನ್ನ ಊರು ಬಿಟ್ಟುಕೊಡಬೇಕು ಅನ್ನೋದು ನಕ್ಷೆಯಲ್ಲಿ ಇಲ್ಲ. ಉಗಾಂಡಾಗೂ ಸಮುದ್ರ ಇಲ್ಲ, ಕೀನ್ಯಾದ ಮೊಂಬಾಸಾದಿಂದ ಕಾಫಿ ಕಳಿಸುತ್ತೆ, ಯುದ್ಧ ಮಾಡಿಲ್ಲ.

ಮೇಷ್ಟ್ರು: ಒಂದು ವೇಳೆ ನಾಳೆ ಮಾತುಕತೆಯಲ್ಲೇ ಅಸ್ಸಾಬ್ ತೆರೆಯಿತು ಅಂತ ಇಟ್ಟುಕೋ. ಅವರ ಕಾಫಿಗೆ ಕೆಂಪು ಸಮುದ್ರದ ತೊಂದರೆ ತಪ್ಪುತ್ತಾ? ಜಿಬೂಟಿ ಬಂದರು ಜಲಸಂಧಿಯ ಹೊರಗಿದೆ, ಅಸ್ಸಾಬ್ ಒಳಗಿದೆ.

ಅವಳು: ಒಂದು ನಿಮಿಷ... ಅಸ್ಸಾಬಿನಿಂದ ಹೊರಟ ಹಡಗು ಬಾಬ್ ಎಲ್ ಮಂದೆಬ್ ದಾಟಬೇಕಾಗಿಲ್ಲ, ನೇರ ಉತ್ತರಕ್ಕೆ ಹೋಗಬಹುದು. ಆದರೆ ಸೂಯೆಜ್‌ಗೆ ಹೋಗೋವಾಗ ಹೊದೈದಾ ಎದುರೇ ಹಾಯಬೇಕು. ಅಲ್ಲಿ ಗುಂಡು ಹಾರುತ್ತಿದ್ದರೆ ಹಡಗು ಅಸ್ಸಾಬಿನಿಂದ ದಕ್ಷಿಣಕ್ಕೆ ತಿರುಗಿ, ಜಲಸಂಧಿಯಿಂದ ಹೊರಗೆ ಬಂದು, ಆಮೇಲೆ ಆಫ್ರಿಕಾ ಸುತ್ತಬೇಕು. ಜಿಬೂಟಿಯಲ್ಲೇ ಇದ್ದಿದ್ದರೆ ಅಷ್ಟು ದಾರಿ ಉಳಿಯುತ್ತಿತ್ತು.